ಪುಕ್ಕಟೆ ಸೇವೆಗೆ ಹೊಣೆ ಕಡಿಮೆಯೇ?

ಕೆಲವು ವರ್ಷಗಳ ಹಿಂದಿನ ಮಾತು. ವಿಜಯನಗರದ ನಮ್ಮ ಮೊಹಲ್ಲಾದ ಐದಾರು ಮಂದಿ ಸೇರಿ ಮೂವತ್ತೆಂಟು ಮಕ್ಕಳನ್ನು ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದಿದ್ದೆವು. ಹೆಚ್ಚಿನ ಮಕ್ಕಳು ಅದುವರೆಗೆ ರೈಲು ಹತ್ತಿರಲಿಲ್ಲ. ಬಸವೇಶ್ವರನಗರದ ನಿವೃತ್ತ ಸ್ಟೇಷನ್ ಮಾಸ್ಟರ್ ಒಬ್ಬರು ತಾವಾಗಿಯೇ ನಮ್ಮ ಜೊತೆ ಬಂದರು. ಎಲ್ಲರೂ ಅವರನ್ನು ರಾಯರೇ ಎಂದು ಕರೆಯುತ್ತೇವೆ. 1979ರಲ್ಲಿ ಆರಂಭವಾದ ಆ ಸಂಗ್ರಹಾಲಯದ ಹಳೆಯ ಉಗಿಬಂಡಿಗಳ ಮೇಲೆ ಮಕ್ಕಳು ಹತ್ತಿ ಇಳಿದು ಕುಣಿದರು. ಹಿಂದಿನ ಕಾಲದಲ್ಲಿ ರೈಲುಗಳು ಒಂದಕ್ಕೊಂದು ಢಿಕ್ಕಿ ಹೊಡೆಯದಂತೆ ಹೇಗೆ ನೋಡಿಕೊಳ್ಳುತ್ತಿದ್ದರು ಎಂದು ರಾಯರು ಅವರಿಗೆ ವಿವರಿಸಿದರು.

ಸಂಜೆ ಹಿಂದಿರುಗುವಾಗ ಕೆಂಗೇರಿಯಲ್ಲಿ ಇಳಿದೆವು. ರೈಲು ಅಲ್ಲಿ ನಿಲ್ಲುವುದು ಅರೆಗಳಿಗೆ. ಎರಡು ಬಾಗಿಲುಗಳಿಂದ ಮಕ್ಕಳನ್ನು ಇಳಿಸಿಕೊಂಡು, ರೈಲು ಹೊರಟ ಮೇಲೆ ಎಣಿಸಿದರೆ ಮೂವತ್ತೇಳು. ಒಬ್ಬ ಹುಡುಗ ಮೇಲಿನ ಹಲಗೆಯ ಮೇಲೆ ಚೀಲಗಳ ನಡುವೆ ನಿದ್ದೆ ಹೋಗಿದ್ದ. ಆ ಬಾಗಿಲಿನವರು ನೋಡಿರುತ್ತಾರೆಂದು ನಾನು ತಿಳಿದಿದ್ದೆ. ನಾನು ನೋಡಿರುತ್ತೇನೆಂದು ಅವರು ತಿಳಿದಿದ್ದರು. ಎಣಿಕೆಯ ಕೆಲಸವನ್ನು ಬೆಳಿಗ್ಗೆ ವಹಿಸಿಕೊಂಡಿದ್ದವನು ನಾನೇ. ಅಲ್ಲಾಹನ ಕೃಪೆ, ಬೆಂಗಳೂರು ನಿಲ್ದಾಣದಲ್ಲಿ ಸಹಪ್ರಯಾಣಿಕರಾದ ತಾಯಿಯೊಬ್ಬರು ಹುಡುಗನನ್ನು ರೈಲ್ವೆ ಪೊಲೀಸರ ಕೈಗೆ ಒಪ್ಪಿಸಿದ್ದರು.

ಅವನ ತಂದೆ ಆಟೋ ಓಡಿಸುವವರು. ಜಗಳವಾಡಲಿಲ್ಲ. "ನಿಮ್ಮನ್ನು ನಂಬಿ ಕಳಿಸಿದ್ದೆ ಭಾಯಿ" ಎಂದರು, ಅಷ್ಟೆ. ಆಗ ನನ್ನ ಬಾಯಿಂದ ಬಂದ ಮಾತು ಇದು: "ನಾವೇನು ಸಂಬಳಕ್ಕೆ ಮಾಡುತ್ತೇವೆಯೇ ಭಾಯಿ? ಅಲ್ಲಾಹನಿಗಾಗಿ ಪುಕ್ಕಟೆ ಮಾಡುತ್ತಿರುವುದು." ಅವರು ಸುಮ್ಮನಾದರು. ಮಗನ ಕೈ ಹಿಡಿದು ಹೊರಟುಹೋದರು. ಅವರು ತಿರುಗಿ ಬೈದಿದ್ದರೆ ಆ ಮಾತು ನನಗೆ ಮರೆತುಹೋಗುತ್ತಿತ್ತೇನೋ. ಸಂಬಳವಿಲ್ಲದೆ ಮಾಡುವ ಕೆಲಸದಲ್ಲಿ ಹೊಣೆ ನಿಜವಾಗಿಯೂ ಕಡಿಮೆಯೇ? ಈ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಚೆಂಡು ಯಾರ ಕೈಯಲ್ಲಿತ್ತು?

ಎರಡು ದಿನ ಬಿಟ್ಟು ರಾಯರು ಸಿಕ್ಕಾಗ ಕೇಳಿದ್ದು ಒಂದೇ ಮಾತು: "ಸಾಹೇಬ್ರೇ, ಆವತ್ತು ಚೆಂಡು ಯಾರ ಕೈಯಲ್ಲಿತ್ತು?"

ಅವರು ಹೇಳಿದ ಚೆಂಡಿನ ಕತೆಯನ್ನು ಓದುಗರಿಗೂ ಹೇಳಬೇಕು. ಬೆಂಗಳೂರಿನಿಂದ ಮೈಸೂರಿನವರೆಗೆ ರೈಲು ಓಡತೊಡಗಿದ್ದು 1882ರಲ್ಲಿ. ಧಾತು-ಈಶ್ವರ ಸಂವತ್ಸರಗಳ ಮಹಾಕ್ಷಾಮದ ಕಾಲದಲ್ಲಿ ಬರಪರಿಹಾರದ ಕಾಮಗಾರಿಯಾಗಿ ಜನ ಮಣ್ಣು ಹೊತ್ತ ದಾರಿ ಅದು. ನೂರಕ್ಕೂ ಹೆಚ್ಚು ವರ್ಷ ಅದು ಮೀಟರ್ ಗೇಜ್ ಆಗಿತ್ತು, ಒಂದೇ ಜೋಡಿ ಕಂಬಿಯ ದಾರಿಯಾಗಿತ್ತು. ಇಂದು ಜೋಡಿಮಾರ್ಗ ಬಂದಿದೆ, ವಿದ್ಯುತ್ ಬಂದಿದೆ. ನಾಯಂಡಹಳ್ಳಿ, ಜ್ಞಾನಭಾರತಿ, ಕೆಂಗೇರಿಗಳಲ್ಲಿ ನಿಂತು ನೋಡುವ ಇಂದಿನ ಮಕ್ಕಳಿಗೆ, ಹೋಗುವ ಗಾಡಿಗೂ ಬರುವ ಗಾಡಿಗೂ ಒಂದೇ ಕಂಬಿಯಿತ್ತು ಎಂದರೆ ನಂಬಿಕೆ ಬಾರದು.

ಒಂದೇ ಕಂಬಿಯ ಮೇಲೆ ಎದುರುಬದುರಾಗಿ ರೈಲುಗಳು ಬಾರದಂತೆ ತಡೆಯಲು ನಮ್ಮ ದೇಶದ ಅನೇಕ ಏಕಮಾರ್ಗಗಳಲ್ಲಿ ನೀಲ್ಸ್ ಬಾಲ್ ಟೋಕನ್ ಎಂಬ ಯಂತ್ರವಿರುತ್ತಿತ್ತು. ಎರಡು ನಿಲ್ದಾಣಗಳ ನಡುವಿನ ದಾರಿಗೆ ಎರಡೂ ತುದಿಯಲ್ಲಿ ಒಂದೊಂದು ಯಂತ್ರ. ಅದರೊಳಗೆ ಲೋಹದ ಚೆಂಡುಗಳು. ಅತ್ತಲಿನ ಸ್ಟೇಷನ್ ಮಾಸ್ಟರ್ ಒಪ್ಪಿಗೆ ಕೊಟ್ಟರೆ ಮಾತ್ರ ಇತ್ತಲಿನವರ ಯಂತ್ರದಿಂದ ಒಂದು ಚೆಂಡು ಹೊರಬರುತ್ತದೆ. ಅದನ್ನು ಚರ್ಮದ ಚೀಲದಲ್ಲಿಟ್ಟು, ಬೆತ್ತದ ದೊಡ್ಡ ಬಳೆಗೆ ಕಟ್ಟಿ ಚಾಲಕನಿಗೆ ಕೊಡುತ್ತಾರೆ. ಎಂಜಿನ್ನಿನಿಂದ ತೋಳು ಚಾಚಿ ಆ ಬಳೆಯನ್ನು ಸೆಳೆದುಕೊಳ್ಳುತ್ತಿದ್ದ ದೃಶ್ಯ ಹಿರಿಯರಿಗೆ ನೆನಪಿರಬಹುದು. ಒಂದು ಚೆಂಡು ಹೊರಗಿರುವವರೆಗೆ ಎರಡೂ ಯಂತ್ರಗಳಿಂದ ಇನ್ನೊಂದು ಚೆಂಡು ಬರುವುದಿಲ್ಲ. ರೈಲು ಮುಂದಿನ ನಿಲ್ದಾಣ ತಲುಪಿ, ಚೆಂಡು ಅಲ್ಲಿನ ಯಂತ್ರಕ್ಕೆ ಮರಳಿದ ಮೇಲಷ್ಟೇ ದಾರಿ ಮತ್ತೊಬ್ಬರಿಗೆ ಸಿಗುತ್ತದೆ. ಚೆಂಡು ಯಾರ ಕೈಯಲ್ಲಿದೆಯೋ ದಾರಿ ಅವರದು. ಆದರೆ ಅದು ಅವರ ಸ್ವತ್ತಲ್ಲ, ಮರಳಿಸಲೇಬೇಕಾದದ್ದು.

ಇದಕ್ಕೆ ನಮ್ಮಲ್ಲಿ ಒಂದು ಹೆಸರಿದೆ: ಅಮಾನತ್ತು. ಪ್ರವಾದಿ ಮುಹಮ್ಮದರನ್ನು (ಸ) ಪ್ರವಾದಿತ್ವಕ್ಕೆ ಮೊದಲೇ ಮಕ್ಕಾದ ಜನ ಅಲ್-ಅಮೀನ್ ಎಂದು ಕರೆಯುತ್ತಿದ್ದರು. ಅವರನ್ನು ವಿರೋಧಿಸುತ್ತಿದ್ದವರೂ ತಮ್ಮ ಬೆಲೆಬಾಳುವ ವಸ್ತುಗಳನ್ನು ಅವರಲ್ಲೇ ಇಡುತ್ತಿದ್ದರು. ಪ್ರಾಣಕ್ಕೆ ಅಪಾಯವಿದ್ದ ಹಿಜ್ರಾದ ರಾತ್ರಿಯಲ್ಲೂ ಆ ವಸ್ತುಗಳನ್ನು ಒಡೆಯರಿಗೆ ಮರಳಿಸಲು ಹಝ್ರತ್ ಅಲಿಯವರನ್ನು ನೇಮಿಸಿ ಹೊರಟರು. ಅದಕ್ಕೆ ಯಾರೂ ಸಂಬಳ ಕೊಟ್ಟಿರಲಿಲ್ಲ. ಆ ಮಕ್ಕಳು ನನ್ನ ಕೈಯಲ್ಲಿದ್ದ ಚೆಂಡುಗಳು. ಅವುಗಳಲ್ಲಿ ಒಂದು ಯಂತ್ರಕ್ಕೆ ಮರಳುವ ಮೊದಲೇ ನಾನು ದಾರಿ ಮುಗಿಯಿತೆಂದು ತಿಳಿದಿದ್ದೆ.

ನೋಡದೆ ಪಡೆದ ಚೀಲ

ಯಂತ್ರ ಎಷ್ಟೇ ಚೆನ್ನಾಗಿದ್ದರೂ ಕೊನೆಗೆ ಮನುಷ್ಯನೊಬ್ಬ ನೋಡಬೇಕು. 1921ರ ಜನವರಿ 26ರಂದು ಬ್ರಿಟನ್ನಿನ ವೇಲ್ಸ್ ಪ್ರಾಂತದ ಆಬರ್‌ಮ್ಯೂಲ್ ಎಂಬ ಸಣ್ಣ ನಿಲ್ದಾಣದಲ್ಲಿ ನಡೆದದ್ದು ಇದಕ್ಕೆ ಸಾಕ್ಷಿ. ಅಲ್ಲಿಯೂ ಏಕಮಾರ್ಗ, ಚೆಂಡಿನ ಬದಲು ಲೋಹದ ಬಿಲ್ಲೆ. ಒಂದು ನಿಧಾನದ ರೈಲು ನಿಲ್ದಾಣಕ್ಕೆ ಬಂದು ತಾನು ದಾಟಿ ಬಂದ ದಾರಿಯ ಬಿಲ್ಲೆಯನ್ನು ಒಪ್ಪಿಸಿತು. ಅದನ್ನು ಯಂತ್ರಕ್ಕೆ ಹಾಕಬೇಕಿತ್ತು. ಕೈಯಿಂದ ಕೈಗೆ ದಾಟುವ ಗಡಿಬಿಡಿಯಲ್ಲಿ ಅದೇ ಬಿಲ್ಲೆಯನ್ನು ಮುಂದಿನ ದಾರಿಯ ಬಿಲ್ಲೆಯೆಂದು ತಿಳಿದು ಅದೇ ರೈಲಿನ ಚಾಲಕನಿಗೆ ಹಿಂದಿರುಗಿಸಲಾಯಿತು. ಬಿಲ್ಲೆಯ ಮೇಲೆ ಯಾವ ದಾರಿಯದೆಂದು ಬರೆದಿತ್ತು. ಕೊಟ್ಟವರು ಓದಲಿಲ್ಲ, ಪಡೆದವರೂ ಓದಲಿಲ್ಲ. ರೈಲು ಹೊರಟಿತು. ಎದುರಿನಿಂದ ವೇಗದ ರೈಲು ಬರುತ್ತಿತ್ತು. ಹದಿನೇಳು ಮಂದಿ ಸತ್ತರು.

ಆ ನಿಲ್ದಾಣದಲ್ಲಿ ದುಷ್ಟರು ಯಾರೂ ಇರಲಿಲ್ಲ. ಪ್ರತಿಯೊಬ್ಬರೂ ಮತ್ತೊಬ್ಬರನ್ನು ನಂಬಿದ್ದರು. ನಂಬಿಕೆ ದೊಡ್ಡ ಗುಣವೆಂದು ನಾವೆಲ್ಲ ಕಲಿತಿದ್ದೇವೆ. ಹಾಗಿದ್ದರೆ ಅಲ್ಲಿ ತಪ್ಪಿದ್ದೇನು? ನನಗನಿಸುವುದು ಹೀಗೆ: ಅವರು ಮನುಷ್ಯರನ್ನು ನಂಬಿದ್ದು ತಪ್ಪಲ್ಲ, ನಂಬಿದ್ದೇವೆಂಬ ಕಾರಣಕ್ಕೆ ನೋಡುವುದನ್ನು ಬಿಟ್ಟದ್ದು ತಪ್ಪು. ಚಾಲಕ ಬಿಲ್ಲೆಯನ್ನು ಒಮ್ಮೆ ಓದಿದ್ದರೆ ಅದು ಸ್ಟೇಷನ್ ಮಾಸ್ಟರನ ಮೇಲಿನ ಅಪನಂಬಿಕೆ ಆಗುತ್ತಿರಲಿಲ್ಲ. ತನ್ನ ಹಿಂದೆ ಕುಳಿತ ಪ್ರಯಾಣಿಕರ ಹಕ್ಕನ್ನು ಸಲ್ಲಿಸಿದಂತಾಗುತ್ತಿತ್ತು.

ನಮ್ಮ ಸಮಾಜದಲ್ಲಿ ಇದೇ ಕಷ್ಟ. ಮಸೀದಿ ಕಮಿಟಿಯಲ್ಲಾಗಲಿ, ದೇವಸ್ಥಾನದ ಸಮಿತಿಯಲ್ಲಾಗಲಿ, ಗಣೇಶೋತ್ಸವ ಅಥವಾ ಮೀಲಾದ್ ಮೆರವಣಿಗೆಯ ಸ್ವಯಂಸೇವಕರಲ್ಲಾಗಲಿ, ಲೆಕ್ಕ ಕೇಳಿದರೆ, ಪಟ್ಟಿ ತೋರಿಸಿ ಎಂದರೆ ತಕ್ಷಣ ಬರುವ ಮಾತು: "ಏಕೆ, ನನ್ನ ಮೇಲೆ ನಂಬಿಕೆಯಿಲ್ಲವೇ?" ಪುಕ್ಕಟೆ ದುಡಿಯುವವನಿಗೆ ಈ ಮುನಿಸು ಇನ್ನೂ ಬೇಗ ಬರುತ್ತದೆ.

ಸ್ವಯಂಸೇವಕರ ರೈಲು

ರೈಲನ್ನೇ ಪುಕ್ಕಟೆ ಓಡಿಸುವವರೂ ಇದ್ದಾರೆ. ವೇಲ್ಸಿನಲ್ಲೇ ಕಲ್ಲುಗಣಿಯೊಂದಕ್ಕಾಗಿ ಹಾಕಿದ್ದ ತಾಲಿಥ್ಲಿನ್ ಎಂಬ ಸಣ್ಣ ರೈಲುದಾರಿಯ ಒಡೆಯರು 1950ರಲ್ಲಿ ತೀರಿಕೊಂಡಾಗ ಅದು ಮುಚ್ಚಿಹೋಗಬೇಕಿತ್ತು. ಟಾಮ್ ರೋಲ್ಟ್ ಎಂಬ ಲೇಖಕರೂ ಅವರ ಗೆಳೆಯರೂ ಸಂಘ ಕಟ್ಟಿ 1951ರ ಮೇ ತಿಂಗಳಿನಿಂದ ತಾವೇ ಅದನ್ನು ಓಡಿಸತೊಡಗಿದರು. ಸ್ವಯಂಸೇವಕರು ಉಳಿಸಿಕೊಂಡ ಜಗತ್ತಿನ ಮೊದಲ ರೈಲುದಾರಿ ಅದು. ಅದೇ ರೋಲ್ಟ್ 1955ರಲ್ಲಿ ರೈಲು ಅಪಘಾತಗಳ ಬಗ್ಗೆಯೂ ಒಂದು ಪುಸ್ತಕ ಬರೆದರು. ಇಂದು ಬ್ರಿಟನ್ನಿನಲ್ಲಿ ಇಂತಹ ಅನೇಕ ಪಾರಂಪರಿಕ ರೈಲುಗಳಿವೆ. ವಾರವಿಡೀ ಬೇರೆ ಬೇರೆ ಉದ್ಯೋಗ ಮಾಡುವವರೂ ನಿವೃತ್ತರೂ ರಜೆಯಲ್ಲಿ ಬಂದು ಕಲ್ಲಿದ್ದಲು ತುಂಬುತ್ತಾರೆ, ಗಾರ್ಡ್ ಆಗುತ್ತಾರೆ, ಸಿಗ್ನಲ್ ಕೋಣೆಯಲ್ಲಿ ಸನ್ನೆಕೋಲು ಎಳೆಯುತ್ತಾರೆ.

ಆದರೆ ರೈಲಿನ ಮೇಲೆ ಪ್ರೀತಿಯಿದೆ ಎಂಬ ಮಾತ್ರಕ್ಕೆ ಅಲ್ಲಿ ಯಾರಿಗೂ ಸನ್ನೆಕೋಲು ಸಿಗುವುದಿಲ್ಲ. ನಿಯಮ ಕಲಿಯಬೇಕು, ಅನುಭವಿಗಳ ಪಕ್ಕದಲ್ಲಿ ನಿಂತು ಕೆಲಸ ಮಾಡಬೇಕು, ಅರ್ಹನೆಂದು ಪರಿಶೀಲಿಸಿದವರು ಒಪ್ಪಬೇಕು. 2006ರಲ್ಲಿ ಬಂದ ಅಲ್ಲಿನ ರೈಲ್ವೆ ಸುರಕ್ಷತಾ ನಿಯಮಗಳು ಸುರಕ್ಷತೆಗೆ ಸಂಬಂಧಿಸಿದ ಕೆಲಸ ಮಾಡುವವನು ಸಂಬಳದವನೋ ಸ್ವಯಂಸೇವಕನೋ ಎಂದು ಭೇದ ಮಾಡುವುದಿಲ್ಲ. ಇಬ್ಬರಿಗೂ ಒಂದೇ ಅರ್ಹತೆ ಬೇಕು. ಟಿಕೆಟ್ ಕೊಂಡು ಕುಳಿತ ಮಗುವಿಗೆ ಸಿಗ್ನಲ್ ಎಳೆದವರ ಸಂಬಳದ ಚೀಟಿಯಿಂದ ಆಗಬೇಕಾದ್ದೇನೂ ಇಲ್ಲ.

ನಮ್ಮ ದೇಶದಲ್ಲಿ ಯುನೆಸ್ಕೋ ಗುರುತಿಸಿದ ಡಾರ್ಜಿಲಿಂಗ್ (1999), ನೀಲಗಿರಿ (2005), ಕಾಲ್ಕಾ-ಶಿಮ್ಲಾ (2008) ದಾರಿಗಳನ್ನು ರೈಲ್ವೆ ಇಲಾಖೆಯ ನೌಕರರೇ ನಡೆಸುತ್ತಾರೆ. ಊಟಿಯ ರೈಲಿನಲ್ಲಿ ಕುಳಿತ ನಾವು ಹೊರಗಿನ ಚೆಲುವನ್ನಷ್ಟೇ ನೋಡಿದರೆ ಸಾಕು. ನಮ್ಮ ಸ್ವಯಂಸೇವೆ ನಿಲ್ದಾಣದಲ್ಲಿ ಬೇಸಿಗೆಯ ನೀರು ಕೊಡುವುದು, ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವುದು, ನೆರೆ ಬಂದಾಗ ದೋಣಿ ಇಳಿಸುವುದು ಇಂತಹ ಕಡೆ ಕಾಣುತ್ತದೆ. ಅಲ್ಲೂ ಜೀವಗಳು ನಮ್ಮ ಕೈಯಲ್ಲಿರುತ್ತವೆ. ಈಜು ಬಾರದವನು ದೋಣಿಗೆ ಹತ್ತಿದರೆ ರಕ್ಷಿಸಬೇಕಾದವರ ಸಂಖ್ಯೆ ಒಂದು ಹೆಚ್ಚುತ್ತದೆ.

ಮುಸ್ಲಿಂ ಜಗತ್ತಿನ ಇತಿಹಾಸದಲ್ಲೂ ಒಂದು ಪಾಠವಿದೆ. ದಮಾಸ್ಕಸ್‌ನಿಂದ ಮದೀನಾಕ್ಕೆ ಸಾವಿರದ ಮುನ್ನೂರು ಕಿಲೋಮೀಟರಿನಷ್ಟು ಉದ್ದದ ಹಿಜಾಝ್ ರೈಲ್ವೆಯನ್ನು ಸುಲ್ತಾನ್ ಎರಡನೇ ಅಬ್ದುಲ್ ಹಮೀದರು 1900ರಲ್ಲಿ ಆರಂಭಿಸಿದಾಗ ಜಗತ್ತಿನ ಮುಸ್ಲಿಮರು ದೇಣಿಗೆ ಕೊಟ್ಟರು. ಭಾರತದಿಂದಲೂ ಹಣ ಹೋಯಿತು. 1908ರಲ್ಲಿ ರೈಲು ಮದೀನಾ ತಲುಪಿತು. ಆ ಹಣ ಭಕ್ತಿಯಿಂದ ಬಂದದ್ದು. ಆದರೆ ಕಂಬಿ ಹಾಕುವ ಕೆಲಸದ ಮೇಲ್ವಿಚಾರಣೆಯನ್ನು ಸುಲ್ತಾನರು ವಹಿಸಿದ್ದು ಮೈಸ್ನರ್ ಎಂಬ ಜರ್ಮನ್ ಎಂಜಿನಿಯರಿಗೆ. ಸೇತುವೆ ನಿಲ್ಲಲು ಭಕ್ತಿಯ ಜೊತೆಗೆ ಬಲ್ಲವರ ಲೆಕ್ಕವೂ ಬೇಕೆಂದು ಅವರಿಗೆ ಗೊತ್ತಿತ್ತು.

ನಿಯ್ಯತ್ತು ಸಾಕೇ?

ನಮ್ಮಲ್ಲಿ ಅನೇಕರು ಕೇಳುವ ಪ್ರಶ್ನೆ: ಕರ್ಮಗಳ ಬೆಲೆ ನಿಯ್ಯತ್ತಿನಿಂದಲ್ಲವೇ? ಉದ್ದೇಶ ಶುದ್ಧವಾಗಿದ್ದರೆ ಸಾಲದೇ? ಉದ್ದೇಶಕ್ಕೆ ಅಲ್ಲಾಹನಲ್ಲಿ ಪ್ರತಿಫಲವಿದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಅದು ನನ್ನ ಮತ್ತು ಅಲ್ಲಾಹನ ನಡುವಿನ ಲೆಕ್ಕ. ನನ್ನ ಮತ್ತು ಆ ಹುಡುಗನ ತಂದೆಯ ನಡುವೆ ಇನ್ನೊಂದು ಲೆಕ್ಕವಿದೆ. ಮೊದಲಿನದನ್ನು ತೋರಿಸಿ ಎರಡನೆಯದನ್ನು ಅಳಿಸಿಬಿಡಲು ನಾನು ಯತ್ನಿಸಿದ್ದೆ.

ಇಸ್ಲಾಮೀ ಧರ್ಮಶಾಸ್ತ್ರಜ್ಞರು ಈ ವಿಷಯವನ್ನು ಬಹಳ ಸೂಕ್ಷ್ಮವಾಗಿ ನೋಡಿದ್ದಾರೆ. ಒಬ್ಬರು ಮತ್ತೊಬ್ಬರ ವಸ್ತುವನ್ನು ಪ್ರತಿಫಲವಿಲ್ಲದೆ ಕಾಪಾಡಲು ಒಪ್ಪಿಕೊಂಡರು ಎನ್ನೋಣ. ಅದು ಕಳೆದುಹೋದರೆ? ಕಾಯುವವರು ಎಚ್ಚರದಿಂದಿದ್ದೂ ಬೆಂಕಿಯೋ ಕಳ್ಳರೋ ಕಾರಣವಾದರೆ ನಷ್ಟ ಕಟ್ಟಿಕೊಡಬೇಕಿಲ್ಲ. ಉಪಕಾರ ಮಾಡಿದವರನ್ನು ದುರದೃಷ್ಟಕ್ಕಾಗಿ ದಂಡಿಸಬಾರದು. ಆದರೆ ಉಪೇಕ್ಷೆ ಮಾಡಿದ್ದರೆ, ಬಾಗಿಲು ತೆರೆದಿಟ್ಟು ಹೋಗಿದ್ದರೆ, ಪುಕ್ಕಟೆ ಕಾದೆ ಎಂಬ ಮಾತು ಅವರನ್ನು ಬಿಡಿಸುವುದಿಲ್ಲ. ಹಾಗೆಯೇ ವೈದ್ಯಕೀಯ ತಿಳಿಯದೆ ಚಿಕಿತ್ಸೆ ಮಾಡಿ ಹಾನಿ ಮಾಡಿದವರು, ಎಷ್ಟೇ ಒಳ್ಳೆಯ ಮನಸ್ಸಿನವರಾಗಿರಲಿ, ಹೊಣೆಗಾರರೇ ಎಂದು ಫುಕಹಾಗಳು ಹೇಳಿದ್ದಾರೆ.

ಇಲ್ಲಿ ನನಗೆ ಉತ್ತರ ಸಿಕ್ಕಿತು. ಸಂಬಳವಿಲ್ಲದಿರುವುದು ದುರದೃಷ್ಟದ ಹೊರೆಯನ್ನು ಇಳಿಸುತ್ತದೆ, ಉಪೇಕ್ಷೆಯ ಹೊರೆಯನ್ನು ಇಳಿಸುವುದಿಲ್ಲ. ದಾರಿಯಲ್ಲಿ ರೈಲು ತಡವಾಗಿ ಮಕ್ಕಳು ಹಸಿದಿದ್ದರೆ ಆ ತಂದೆಯ ಮುಂದೆ ನಾನು ತಲೆ ತಗ್ಗಿಸಬೇಕಿರಲಿಲ್ಲ. ಎಣಿಸದೆ ಇಳಿದದ್ದು ದುರದೃಷ್ಟವಲ್ಲ.

ಕನ್ನಡ ನಾಡಿನ ಶರಣರೂ ಬೇರೆ ದಾರಿಯಿಂದ ಇಲ್ಲಿಗೇ ಬರುತ್ತಾರೆ. ಅವರಲ್ಲಿ ಕಾಯಕವೂ ದಾಸೋಹವೂ ಜೊತೆಜೊತೆಗೆ ಇವೆ. ದಾಸೋಹಕ್ಕೆ ಕೊಡುವುದು ಪ್ರಾಮಾಣಿಕ ಕಾಯಕದಿಂದ ಬಂದದ್ದಾಗಿರಬೇಕು. ಬಸವಣ್ಣನವರ ಹೆಸರಿನ ಬಡಾವಣೆಯಲ್ಲಿ ನೆಲೆಸಿದ ರಾಯರು ಇದನ್ನು ಸರಳವಾಗಿ ಹೇಳಿದರು: "ಹಳಸಿದ್ದನ್ನು ಬಡಿಸಿ, ದುಡ್ಡು ತಗೊಂಡಿಲ್ಲವಲ್ಲ ಅಂದ್ರೆ ಆಗುತ್ತಾ ಸಾಹೇಬ್ರೇ?"

ಹೀಗೆ ಕೇಳಿದರೆ ಯಾರು ಬರುತ್ತಾರೆ?

ಇದಕ್ಕೊಂದು ಆಕ್ಷೇಪವಿದೆ, ಅದು ಹಗುರವಾದುದಲ್ಲ. ಸ್ವಯಂಸೇವಕರಿಗೆ ಇಷ್ಟು ಕಟ್ಟುನಿಟ್ಟು ಮಾಡಿದರೆ ಮುಂದೆ ಯಾರು ಬಂದಾರು? ಮನೆಯಲ್ಲಿ ಸುಮ್ಮನೆ ಕುಳಿತವನನ್ನು ಯಾರೂ ಪ್ರಶ್ನಿಸುವುದಿಲ್ಲ. ಭಾನುವಾರ ಬಿಟ್ಟು ಬಂದವನ ಮೇಲೆ ತಪ್ಪು ಹೊರಿಸುವುದು ನ್ಯಾಯವೇ?

ನ್ಯಾಯವಲ್ಲ, ನಾವು ತಪ್ಪಿತಸ್ಥನನ್ನು ಹುಡುಕುವುದಕ್ಕಷ್ಟೇ ಹೊರಟರೆ. ಹಳೆಯ ಕೈಮರವನ್ನೇ ನೋಡಿ. ಆ ಸೆಮಾಫೋರ್ ಸಿಗ್ನಲ್ಲಿನ ತೋಳು ಅಡ್ಡವಾಗಿದ್ದರೆ ನಿಲ್ಲು ಎಂದರ್ಥ. ದೂರದ ಕೋಣೆಯಿಂದ ತಂತಿ ಎಳೆದಾಗ ಅದು ಹೋಗು ಎನ್ನುತ್ತದೆ. ತಂತಿ ತುಂಡಾದರೆ ತೋಳು ತನ್ನ ಭಾರದಿಂದಲೇ ನಿಲ್ಲು ಎಂಬ ಸ್ಥಿತಿಗೆ ಮರಳುವಂತೆ ಮಾಡಿರುತ್ತಾರೆ. ತಂತಿ ಎಂದಾದರೊಂದು ದಿನ ತುಂಡಾಗುತ್ತದೆಂದು ಅದನ್ನು ಮಾಡಿದವರಿಗೆ ಗೊತ್ತಿತ್ತು. ತುಂಡಾದ ತಂತಿಯನ್ನು ಅವರು ಶಪಿಸಲಿಲ್ಲ, ಅದರಿಂದ ಜೀವ ಹೋಗದಂತೆ ಏರ್ಪಾಡು ಮಾಡಿದರು. ಮನುಷ್ಯನೂ ಮರೆಯುತ್ತಾನೆ, ದಣಿಯುತ್ತಾನೆ. ಸೇವಕನಿಗೆ ತೋರಬೇಕಾದ ನಿಜವಾದ ಕರುಣೆ ಅವನ ತಪ್ಪನ್ನು ಮುಚ್ಚುವುದಲ್ಲ, ಅವನ ಮರೆವು ಅನಾಹುತವಾಗದಂತೆ ಮೊದಲೇ ಏರ್ಪಾಡು ಮಾಡುವುದು. ಒಂಟೆಯನ್ನು ಕಟ್ಟಿ ಆಮೇಲೆ ಭರವಸೆಯಿಡುವ ಪ್ರವಾದಿಯವರ (ಸ) ಬೋಧನೆಯಲ್ಲಿ ಇರುವುದೂ ಇದೇ ವಿವೇಕ.

ಸಂಬಳವೊಂದೇ ಎಚ್ಚರವನ್ನು ತರುವುದಿಲ್ಲ ಎಂಬುದನ್ನೂ ಮರೆಯಬಾರದು. 2023ರ ಜೂನ್ 2ರಂದು ಒಡಿಶಾದ ಬಾಲಸೋರ್ ಜಿಲ್ಲೆಯ ಬಹಾನಗಾ ಬಜಾರ್ ನಿಲ್ದಾಣದಲ್ಲಿ 290ಕ್ಕೂ ಹೆಚ್ಚು ಮಂದಿ ಸತ್ತರು. ಸಿಗ್ನಲ್ ಸರ್ಕ್ಯೂಟ್ ಬದಲಾವಣೆಯ ಕೆಲಸದಲ್ಲಿ ನಡೆದ ಲೋಪಗಳನ್ನು ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ಗುರುತಿಸಿತು. ಆದರೆ ತನಿಖೆ ಆರಂಭವಾಗುವ ಮೊದಲೇ ಕೆಲವರು ತೀರ್ಪು ಕೊಟ್ಟಿದ್ದರು. ಹಳಿಯ ಪಕ್ಕದಲ್ಲಿದ್ದ ದೇವಸ್ಥಾನವೊಂದರ ಚಿತ್ರವನ್ನು ಮಸೀದಿಯೆಂದು ಹಂಚಿ ಒಂದು ಸಮುದಾಯದ ಕಡೆ ಬೆರಳು ತೋರಿಸಿದರು. ಒಡಿಶಾ ಪೊಲೀಸರೇ ಎಚ್ಚರಿಕೆ ಕೊಡಬೇಕಾಯಿತು. ಕಾರಣ ಹುಡುಕುವ ತಾಳ್ಮೆಯಿಲ್ಲದೆ ಆರೋಪಿಯನ್ನು ಹುಡುಕುವವರು ಸತ್ತವರಿಗೂ ನ್ಯಾಯ ಮಾಡುವುದಿಲ್ಲ, ಬದುಕಿರುವವರನ್ನೂ ಕಾಪಾಡುವುದಿಲ್ಲ. ನಮ್ಮ ಚಿಕ್ಕ ಚಿಕ್ಕ ಸಂಘಗಳಲ್ಲೂ ಹೀಗೆಯೇ. ಅವಘಡವಾದಾಗ ಒಂದೋ ಒಬ್ಬನನ್ನು ಬಲಿ ಕೊಡುತ್ತೇವೆ, ಇಲ್ಲವೇ ವಿಧಿ ಎಂದು ಕೈ ತೊಳೆದುಕೊಳ್ಳುತ್ತೇವೆ. ಎರಡರಲ್ಲೂ ಮುಂದಿನ ಸಲದ ಮಗು ಅದೇ ಹಲಗೆಯ ಮೇಲೆ ನಿದ್ದೆ ಹೋಗುತ್ತದೆ.

ಆದ್ದರಿಂದ ಸೇವೆಗೆ ಹೊರಡುವವರಲ್ಲಿ ಮೂರು ಮಾತು ಕೇಳಿಕೊಳ್ಳುತ್ತೇನೆ. ಬಾರದ ಕೆಲಸವನ್ನು ಬಾರದು ಎಂದು ಹೇಳೋಣ, ಅದರಿಂದ ಪುಣ್ಯ ಕಡಿಮೆಯಾಗದು. ಪರೀಕ್ಷಿಸುವವರ ಮೇಲೆ ಮುನಿಯದಿರೋಣ. ಸಂಶಯ ಬಂದಾಗ ನಿಲ್ಲಿಸಿ ಎನ್ನುವ ಅಧಿಕಾರವನ್ನು ತಂಡದ ಅತ್ಯಂತ ಕಿರಿಯನಿಗೂ ಕೊಡೋಣ. ಅವತ್ತು ನಮ್ಮ ಜೊತೆಗಿದ್ದ ಕಾಲೇಜು ಹುಡುಗನೊಬ್ಬ ಬಾಗಿಲಲ್ಲಿ ನಿಂತು "ಮೇಲಿನ ಹಲಗೆ ನೋಡಿದಿರಾ?" ಎಂದು ಕೇಳಬೇಕೆಂದುಕೊಂಡು, ದೊಡ್ಡವರ ಮುಂದೆ ಹೇಗೆ ಎಂದು ಸುಮ್ಮನಾಗಿದ್ದನಂತೆ. ಇದು ನನಗೆ ಆಮೇಲೆ ತಿಳಿಯಿತು.

ಆ ಹುಡುಗನ ಮನೆಗೆ ಹೋಗಿ ಕ್ಷಮೆ ಕೇಳಲು ನನಗೆ ಎರಡು ವಾರ ಹಿಡಿಯಿತು. ಅವನ ತಂದೆ ಚಹಾ ಕೊಟ್ಟರು. ಮರುವರ್ಷ ಮತ್ತೆ ಮೈಸೂರಿಗೆ ಹೊರಟಾಗ ಪ್ರತಿ ಸ್ವಯಂಸೇವಕನಿಗೂ ಏಳೆಂಟು ಮಕ್ಕಳ ಹೆಸರಿನ ಚೀಟಿ ಕೊಟ್ಟೆವು. ಎಲ್ಲರೂ ಇಳಿದ ಮೇಲೆ ಬೋಗಿಯನ್ನು ತುದಿಯಿಂದ ತುದಿಗೆ ನೋಡಿ ಇಳಿಯಲು ಒಬ್ಬರನ್ನು ನೇಮಿಸಿದೆವು. ಆ ತಂದೆ ತಾವೂ ಸ್ವಯಂಸೇವಕರಾಗಿ ಬಂದಿದ್ದರು. ಕೆಂಗೇರಿ ಸಮೀಪಿಸುತ್ತಿದ್ದಂತೆ ನನ್ನ ಬಳಿ ಬಂದು, "ಭಾಯಿ, ನಿಮ್ಮ ಚೀಟಿ ತೋರಿಸಿ" ಎಂದರು. ಒಂದು ಕ್ಷಣ ಮನಸ್ಸಿಗೆ ಚುರುಕ್ಕೆಂದಿತು, ಸುಳ್ಳು ಹೇಳಲಾರೆ. ಆಮೇಲೆ ಜೇಬಿನಿಂದ ಚೀಟಿ ತೆಗೆದು ಕೊಟ್ಟೆ. ಅವರು ಒಂದೊಂದೇ ಹೆಸರು ಓದಿ, ಒಂದೊಂದೇ ಮಗುವಿನ ಮುಖ ನೋಡಿ, ಹಿಂದಿರುಗಿಸಿದರು.